ದಿನಕ್ಕೆ ಎಷ್ಟು ಸಲ ಹೊರಗೆ

"ದಿನಕ್ಕೆ ಎಷ್ಟು ಸಲ ಹೊರಗೆ ಹೋಗ್ತೀರಿ?" ಎಂದು ಡಾಕ್ಟರಮ್ಮ ಕೇಳಿದರು.

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಒಂದೇ ಸಲ ಮೇಡಂ. ಬೆಳಗ್ಗೆ ಹೋದ್ರೆ ರಾತ್ರಿ ಅಂಗಡಿ ಬಾಗಿಲು ಹಾಕ್ಕೊಂಡೇ ಬರೋದು. ಭಾನುವಾರ ಅದೂ ಇಲ್ಲ."

ಡಾಕ್ಟರಮ್ಮನ ಮುಖ ಅರಳಿತು. "ಒಂದೇ ಸಲಾನಾ? ತುಂಬಾ ಒಳ್ಳೇದಾಯ್ತು" ಎಂದು ಬರೆದುಕೊಳ್ಳತೊಡಗಿದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅವತ್ತು ಬೆಳಗ್ಗೆ ಕತ್ರಿಗುಪ್ಪೆಯ ಮನೆಯಿಂದ ಜಯನಗರದ ಆ ಆಸ್ಪತ್ರೆಗೆ ಬರುವಷ್ಟರಲ್ಲೇ ಅಪ್ಪ ಎರಡು ಕಡೆ ಸ್ಕೂಟರ್ ನಿಲ್ಲಿಸಿ ಓಡಿದ್ದರು. ತಪ್ಪು ಮಾತು ಕಿವಿಗೆ ಬಿದ್ದರೆ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. "ಮೇಡಂ, ಅವರು ಹೇಳ್ತಿರೋದು ಅಂಗಡಿಗೆ ಹೋಗೋದು. ನೀವು ಕೇಳ್ತಿರೋದು ಕಕ್ಕಸಿಗೆ ಹೋಗೋದು" ಎಂದುಬಿಟ್ಟೆ.

ಅಪ್ಪ ನನ್ನನ್ನು ನುಂಗುವ ಹಾಗೆ ನೋಡಿದರು. ಬೆಳೆದ ಮಗಳು, ಪರಸ್ಥಳ, ಎದುರಿಗೆ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು, ಅದರ ನಡುವೆ ಆ ಮಾತು. ಡಾಕ್ಟರಮ್ಮನೂ ಕಿವಿಯವರೆಗೆ ಕೆಂಪಾದರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಜಯನಗರದಲ್ಲೇ ಬೆಳೆದವರು. ಅವರ ಕೈಲಿದ್ದ ಹಾಳೆಯಲ್ಲಿ ಆ ಪ್ರಶ್ನೆ "ತಾವು ದಿನಕ್ಕೆ ಎಷ್ಟು ಬಾರಿ ಮಲವಿಸರ್ಜನೆ ಮಾಡುತ್ತೀರಿ" ಎಂದು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿತ್ತು. ಹಾಗೆ ಕೇಳಿದರೆ ಕೆಲವರಿಗೆ ಅರ್ಥವಾಗುತ್ತಿರಲಿಲ್ಲವಂತೆ, ಅರ್ಥವಾದವರು ತಲೆ ತಗ್ಗಿಸುತ್ತಿದ್ದರಂತೆ. ಅದಕ್ಕೇ ಅವರು ತಮ್ಮ ಮನೆಯಲ್ಲಿ ಅಜ್ಜಿ ಬಳಸುತ್ತಿದ್ದ ಮರ್ಯಾದೆಯ ಮಾತನ್ನು ಎತ್ತಿಕೊಂಡಿದ್ದರು. ಆ ಮರ್ಯಾದೆಯಲ್ಲಿ ಅಪ್ಪನ ಕಾಯಿಲೆಯೇ ಮಾಯವಾಗಿ ಹೋಗುವುದರಲ್ಲಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಡಿಗ್ರಿ ಓದುತ್ತಿದ್ದೆ. ಅಪ್ಪನದು ಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಮನೆಯಲ್ಲಿ ನಾವು ಮೂವರೇ, ಅಪ್ಪ, ಅಮ್ಮ, ನಾನು. ಅಪ್ಪನಿಗೆ ನಾನು ಪ್ರೈಮರಿ ಶಾಲೆಯಲ್ಲಿದ್ದಾಗಿನಿಂದಲೂ ಕರುಳಿನ ಕಾಯಿಲೆ. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು, ರಕ್ತ. ಯಾಕೆ ಬರುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಖಾರ ಬಿಡಿ ಎಂದವರ ಮಾತು ಕೇಳಿ ಖಾರ ಬಿಟ್ಟರು, ಹಾಲು ಬಿಡಿ ಎಂದಾಗ ಹಾಲು ಬಿಟ್ಟರು. ಮಜ್ಜಿಗೆ ಕುಡಿಯಿರಿ ಅಂದವರೊಬ್ಬರು, ಮುಟ್ಟಲೇಬೇಡಿ ಅಂದವರೊಬ್ಬರು. ಕಾಯಿಲೆ ಮಾತ್ರ ತನಗೆ ಬೇಕಾದಾಗ ಬರುತ್ತಿತ್ತು, ಬೇಕಾದಾಗ ಹೋಗುತ್ತಿತ್ತು.

ಹೊರಗಿನವರಿಗೆ ಅದು ಗೊತ್ತಾಗದಂತೆ ಅಪ್ಪ ಬದುಕಿದ್ದರು. ಮನೆಯಿಂದ ಅಂಗಡಿಗೆ ಅವರು ಹೋಗುತ್ತಿದ್ದದ್ದು ಹತ್ತಿರದ ದಾರಿಯಲ್ಲಲ್ಲ, ಕಕ್ಕಸು ಸಿಗುವ ದಾರಿಯಲ್ಲಿ. ಯಾವ ಪೆಟ್ರೋಲ್ ಬಂಕಿನವನು ಕೀಲಿ ಕೊಡುತ್ತಾನೆ, ಯಾವ ಕಲ್ಯಾಣಮಂಟಪದ ಕಾವಲುಗಾರ ಏನೂ ಕೇಳದೆ ಒಳಗೆ ಬಿಡುತ್ತಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆಗ ಬನಶಂಕರಿ, ಜಯನಗರದ ಮೂಲೆಮೂಲೆಗೂ ದರ್ಶಿನಿಗಳು ಎದ್ದು ಜನ ನಿಂತುಕೊಂಡೇ ಇಡ್ಲಿ ವಡೆ ಹೊಡೆಯುತ್ತಿದ್ದರು. ಅಪ್ಪನಿಗೆ ಮಾತ್ರ ದರ್ಶಿನಿ ಕಂಡರಾಗದು. "ಕೊಡೋದಷ್ಟೇ ಗೊತ್ತು ಇವರಿಗೆ. ತಿಂದೋನು ಎಲ್ಲಿಗೆ ಹೋಗ್ಬೇಕು? ಒಂದು ಕಕ್ಕಸು ಇಟ್ಟಿಲ್ಲ" ಎನ್ನುತ್ತಿದ್ದರು. ನಾನು ಕಾಲೇಜಿನ ಗೆಳತಿಯರಿಗೆ ನಮ್ಮಪ್ಪನಿಗೆ ನಿಂತು ತಿಂದರೆ ಕಾಲು ನೋವು ಎಂದು ಹೇಳಿದ್ದೆ.

ಆ ಆಸ್ಪತ್ರೆಯಲ್ಲಿ ಹೊಸದಾಗಿ ಒಂದು ಅಧ್ಯಯನ ಶುರುವಾಗಿತ್ತು. ಬಹಳ ವರ್ಷ ಈ ಕಾಯಿಲೆ ಇದ್ದವರನ್ನು ಸೇರಿಸಿಕೊಂಡು, ವರ್ಷ ವರ್ಷವೂ ಕರೆಸಿ, ಅದು ಮೈಯಲ್ಲಿ ಮುಂದೆ ಏನೇನು ಮಾಡುತ್ತದೆ ಎಂದು ನೋಡುವುದು. ಸೇರುವ ಮುಂಚೆ ಅಪ್ಪ ವ್ಯಾಪಾರಿಯ ಪ್ರಶ್ನೆ ಕೇಳಿದರು: "ಇದರಿಂದ ನನಗೇನು ಸಿಗುತ್ತೆ ಮೇಡಂ?"

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ನಿಮಗೆ ಏನೂ ಸಿಗದೇ ಇರಬಹುದು ಅಂಕಲ್. ನಿಮ್ಮಿಂದ ನಾವು ಕಲಿತದ್ದು ಮುಂದೆ ಯಾರಿಗೋ ಆಗಬಹುದು. ಬೇಡ ಅನ್ನಿಸಿದ ದಿನ ಬಿಟ್ಟುಬಿಡಬಹುದು. ನಿಮ್ಮ ಚಿಕಿತ್ಸೆಗೆ ಅದರಿಂದ ಏನೂ ತೊಂದರೆ ಇಲ್ಲ."

ಇಂಥ ವ್ಯಾಪಾರವನ್ನು ಅಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಮಾಲಿನ ಲೋಪವನ್ನು ಮೊದಲೇ ಹೇಳುವ ಅಂಗಡಿಯವಳನ್ನು ನೋಡಿದ ಹಾಗೆ ಅವರನ್ನೇ ನೋಡುತ್ತ ಕೂತರು. ಮನೆಗೆ ಬಂದು ಅಮ್ಮನಿಗೆ, "ಆ ಹುಡುಗೀನ ನಂಬಬಹುದು ಕಣೇ" ಎಂದರು. ಸೇರಿಕೊಂಡರು.

ಸೇರಿಕೊಂಡಿದ್ದರಿಂದ ಮೊದಲು ಬೆಳಕಿಗೆ ಬಂದದ್ದು ಅಪ್ಪನ ಮದ್ರಾಸ್ ಐ. ಆಗಾಗ ಅವರ ಕಣ್ಣು ಕೆಂಪಾಗಿ ನೋಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಮದ್ರಾಸ್ ಐ ಬಂತೆಂದು ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದರು, ನಮಗಿಬ್ಬರಿಗೂ ಬೇರೆ ಟವೆಲ್ ಕೊಡಿಸಿದ್ದರು. ಅಷ್ಟು ವರ್ಷದಲ್ಲಿ ಒಂದು ಸಲವೂ ಅದು ನಮಗೆ ಅಂಟಲಿಲ್ಲ ಯಾಕೆ ಎಂದು ಮೂವರಲ್ಲಿ ಒಬ್ಬರೂ ಯೋಚಿಸಿರಲಿಲ್ಲ. "ಕಣ್ಣು ಕೆಂಪಾಗೋದುಂಟಾ? ಮಂಡಿ ಊದೋದುಂಟಾ?" ಎಂದು ಡಾಕ್ಟರಮ್ಮ ಹಾಳೆ ನೋಡಿ ಕೇಳಿದಾಗ ಅಪ್ಪ ಬೆಪ್ಪಾದರು. ಹೊಟ್ಟೆಯ ಕಾಯಿಲೆಯೇ ಕಣ್ಣಿಗೂ ಕೀಲುಗಳಿಗೂ ಹೋಗಿ ಬರುತ್ತದೆ ಎಂದು ಅವರು ಬಿಡಿಸಿ ಹೇಳಿ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದರು. ಆವತ್ತು ಸಂಜೆ ಅಮ್ಮ ಆ ಬೇರೆ ಟವೆಲ್ಲುಗಳನ್ನೆಲ್ಲ ಒಟ್ಟಿಗೆ ನೆನೆಹಾಕಿದಳು.

ವರ್ಷಕ್ಕೊಮ್ಮೆ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗೆ ನೋಡುತ್ತಿದ್ದರು. ಅಲ್ಲಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಿದ್ದರು. ಬಹಳ ವರ್ಷ ಉರಿದ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಹೆಚ್ಚು, ಹುಟ್ಟುವ ಮುಂಚೆ ಜೀವಕೋಶಗಳು ರೂಪ ಬದಲಿಸುತ್ತವೆ, ಅದನ್ನು ಹಿಡಿಯಬಹುದೇ ಎಂಬುದು ಅಧ್ಯಯನದ ಮುಖ್ಯ ಪ್ರಶ್ನೆ. ಮೊದಲ ಸಲ ಏನೂ ಸಿಗಲಿಲ್ಲ. ಮುಂದಿನ ವರ್ಷ ಸಿಕ್ಕಿತು, ಅದೂ ಒಂದೇ ಜಾಗದಲ್ಲಲ್ಲ.

ತಮಾಷೆ ಎಂದರೆ ಆ ವರ್ಷ ಅಪ್ಪ ತುಂಬ ಚೆನ್ನಾಗಿದ್ದರು. ರಕ್ತ ನಿಂತಿತ್ತು, ಕೆನ್ನೆ ತುಂಬಿತ್ತು, ಪೆಟ್ರೋಲ್ ಬಂಕಿನವನು "ಏನ್ ಸಾರ್, ಕಾಣಿಸ್ಲೇ ಇಲ್ಲ" ಎಂದು ಕೇಳುವ ಮಟ್ಟಕ್ಕೆ ಬಂದಿದ್ದರು. ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಚೂರುಗಳನ್ನು ಇನ್ನೊಬ್ಬ ತಜ್ಞರಿಗೂ ತೋರಿಸಿದ್ದಾರೆ, ಇಬ್ಬರೂ ಒಂದೇ ಮಾತು ಹೇಳಿದ್ದಾರೆ. ಇದಿನ್ನೂ ಕ್ಯಾನ್ಸರ್ ಅಲ್ಲ, ಬಿಟ್ಟರೆ ಆಗುವ ಸಾಧ್ಯತೆ ತುಂಬ ಇದೆ. ದೊಡ್ಡ ಕರುಳನ್ನು ಪೂರ್ತಿ ತೆಗೆಯಬೇಕು. ಕೊನೆಯ ಭಾಗವೂ ಕೆಟ್ಟಿರುವುದರಿಂದ ಮತ್ತೆ ಜೋಡಿಸುವುದು ಬೇಡ ಎಂದು ಸರ್ಜನ್ ಹೇಳುತ್ತಿದ್ದಾರೆ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತಾರೆ, ಅದಕ್ಕೊಂದು ಚೀಲ ಅಂಟಿಸಬೇಕು, ಮಲ ಅದರಲ್ಲಿ ಬರುತ್ತದೆ.

"ಎಷ್ಟು ದಿನ?" ಎಂದು ಅಪ್ಪ ಕೇಳಿದರು.

"ಯಾವಾಗ್ಲೂ ಅಂಕಲ್."

ಅಪ್ಪ ಕತ್ತಿನಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡರು. ಕರಡಿಗೆಯೊಳಗೆ ಅವರ ಇಷ್ಟಲಿಂಗ. ಎಳೆ ಮಗುವಾಗಿದ್ದಾಗ ಕಟ್ಟಿದ್ದು, ಒಂದು ದಿನವೂ ಮೈಯಿಂದ ದೂರವಾಗಿರಲಿಲ್ಲ. ಎಷ್ಟೇ ಸುಸ್ತಿದ್ದರೂ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಅವರು ಹನಿ ನೀರು ಮುಟ್ಟುತ್ತಿರಲಿಲ್ಲ. ಜೋರಾಗಿ ಭೇದಿಯಾಗುತ್ತಿದ್ದ ದಿನಗಳಲ್ಲಿ ಅರ್ಧದಲ್ಲಿ ಎದ್ದು ಓಡಿ, ಮತ್ತೆ ಸ್ನಾನ ಮಾಡಿ, ಮತ್ತೆ ಮೊದಲಿನಿಂದ ಕೂರುತ್ತಿದ್ದರು. ನಡುಗುತ್ತ ಮೂರನೆಯ ಸಲ ತಣ್ಣೀರು ಹೊಯ್ದುಕೊಳ್ಳುವುದು ಕೇಳಿಸಿದರೆ ನನಗೆ ದೇವರ ಮೇಲೇ ಕೋಪ ಬರುತ್ತಿತ್ತು.

"ಆಗಲ್ಲ ಮೇಡಂ" ಎಂದರು ಅಪ್ಪ. "ಚೆನ್ನಾಗಿದೀನಿ. ಹೀಗೇ ಇದ್ದಷ್ಟು ದಿನ ಇರ್ತೀನಿ."

ಮನೆಯಲ್ಲಿ ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. ಒಂದು ದಿನ ಅಪ್ಪ ಬಾಯಿಬಿಟ್ಟರು. "ನಿನಗೆ ಹೆಂಗ್ ಹೇಳ್ಲಿ ಪುಟ್ಟಿ. ಹೊಟ್ಟೆ ಮೇಲೆ ಹೊಲಸಿನ ಚೀಲ ಕಟ್ಕೊಂಡು, ಅದರ ಮುಂದೆ ಅಂಗೈಯಲ್ಲಿ ಲಿಂಗ ಇಟ್ಕೊಂಡು ಕೂರೋದಾ? ಎದ್ದು ಓಡಿ ತೊಳ್ಕೊಂಡು ಬರೋಣ ಅಂದ್ರೂ ಆಗಲ್ಲ. ಅದು ಯಾವಾಗ್ಲೂ ಮೈಮೇಲೇ. ಪೂಜೆ ಬಿಟ್ಟು ಬದುಕಿ ನಾನೇನು ಮಾಡ್ಲಿ?"

ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿ ಬಲವಂತವಿಲ್ಲ, ಆದರೆ ತಡ ಮಾಡಬೇಡಿ ಎಂದರು. ಅಪ್ಪ ಅಷ್ಟರಲ್ಲಿ ಬೇರೆಯೇ ಒಂದು ರೂಢಿ ಶುರುಮಾಡಿದ್ದರು. ದೇವರ ಮನೆಯ ಒಳಗೆ ಕೂರುವುದನ್ನು ಬಿಟ್ಟು, ಹೊಸ್ತಿಲಿನ ಆಚೆ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಪೂಜೆ ಮಾಡತೊಡಗಿದರು. ಕೇಳಿದರೆ, ಹೊಟ್ಟೆಯೊಳಗೆ ಕೆಟ್ಟಿದೆಯಲ್ಲ, ದೂರ ಇರೋದೇ ಒಳ್ಳೇದು ಎಂದರು. ಆಪರೇಷನ್ ಇಲ್ಲ, ಚೀಲ ಇಲ್ಲ, ಆಗಲೇ ತಮ್ಮನ್ನು ತಾವೇ ಹೊರಗೆ ಹಾಕಿಕೊಂಡಿದ್ದರು.

ಅಮ್ಮ ಕೆಲವು ದಿನ ನೋಡಿದಳು. ಅವಳು ಹೆಚ್ಚು ಮಾತಿನವಳಲ್ಲ. ಅಪ್ಪನ ಪೂಜೆಯಾದ ಮೇಲೆ ಅದೇ ದೇವರ ಮನೆಯಲ್ಲಿ ಅವಳ ಪೂಜೆ, ಅವಳ ಕತ್ತಿನಲ್ಲೂ ಲಿಂಗ. ಒಂದು ಸೋಮವಾರ ಬೆಳಗ್ಗೆ ಅಪ್ಪ ಚಾಪೆ ಬಿಡಿಸುವ ಹೊತ್ತಿಗೆ ಅವಳು ಬಂದು ಚಾಪೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ನಾನು ಕಾಲೇಜಿಗೆ ಹೊರಟು ಜಡೆ ಹಾಕಿಕೊಳ್ಳುತ್ತಿದ್ದೆ.

"ರೀ, ನಾನು ಮದುವೆಯಾಗಿ ಬಂದ ಮೊದಲನೇ ತಿಂಗಳು ಜ್ಞಾಪಕ ಇದೆಯಾ?"

ಅಪ್ಪ ಚಾಪೆಯನ್ನು ತಮ್ಮ ಕಡೆಗೆ ಎಳೆದರು.

"ನಮ್ಮ ತವರಲ್ಲಿ ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಅಂತ ಕಲಿಸಿದ್ರು. ಆ ಮೂರು ದಿನಾನೂ ಸ್ನಾನ ಮಾಡಿ ಪೂಜೆಗೆ ಕೂತ್ಕೊತಿದ್ದೆ. ಇಲ್ಲಿ ನಿಮ್ಮಮ್ಮ, ಅದೆಲ್ಲ ಆಗಲ್ಲ, ಹೊರಗೆ ಕೂರು ಅಂದ್ರು. ಹಿತ್ತಿಲ ಬಾಗಿಲಲ್ಲಿ ಒಬ್ಬಳೇ ಕೂತ್ಕೊಂಡಿದ್ದೆ. ನೀವು ಬಂದ್ರಿ. ಏನಂದ್ರಿ?"

"ಬಿಡು ಈಗ ಅದೆಲ್ಲ" ಎಂದರು ಅಪ್ಪ.

"ಬಿಡಲ್ಲ. ನಿಮ್ಮಮ್ಮನ ಎದುರಿಗೇ ಅಂದ್ರಿ. ಲಿಂಗ ಇವಳ ಮೈಮೇಲೇ ಇದೆ, ಅದು ಹೊರಗೆ ಹೋಗಿಲ್ಲ, ಇವಳು ಯಾಕೆ ಹೋಗ್ಬೇಕು ಅಂತ. ನನ್ನ ಕಡೆ ತಿರುಗಿ, ಎದ್ದು ಒಳಗೆ ಬಾ ಅಂದ್ರಿ. ಆವತ್ತಿಂದ ಇವತ್ತಿನವರೆಗೂ ನಾನು ಹೊರಗೆ ಕೂತಿಲ್ಲ." ಅಮ್ಮ ಚಾಪೆಯ ತುದಿಯನ್ನು ಬಿಡಲಿಲ್ಲ. "ನನಗಿಲ್ಲದ ಮೈಲಿಗೆ ನಿಮಗೆಲ್ಲಿಂದ ಬಂತು? ಹೊಲಸು ಈಗಲೂ ನಿಮ್ಮ ಹೊಟ್ಟೆಯಲ್ಲಿದೆ, ನನ್ನ ಹೊಟ್ಟೇಲೂ ಇದೆ. ಚರ್ಮ ಮುಚ್ಕೊಂಡಿದೆ ಅಷ್ಟೆ. ಎದ್ದು ಒಳಗೆ ಬನ್ನಿ."

ಅರ್ಧ ಹಾಕಿದ ಜಡೆ ಹಿಡಿದುಕೊಂಡು ನಾನು ನಿಂತೇ ಇದ್ದೆ. ಆ ಕಥೆ ನನಗೆ ಗೊತ್ತೇ ಇರಲಿಲ್ಲ. ನನ್ನ ಗೆಳತಿಯರ ಮನೆಗಳಲ್ಲಿ ತಿಂಗಳಿಗೊಮ್ಮೆ "ಅಮ್ಮ ಹೊರಗೆ" ಎಂದು ಕೇಳಿಸುತ್ತಿದ್ದ ಮಾತು ನಮ್ಮ ಮನೆಯಲ್ಲಿ ಯಾಕೆ ಕೇಳಿಸುವುದಿಲ್ಲ ಎಂದು ಆವತ್ತೇ ತಿಳಿದದ್ದು. ಪಾತ್ರೆ ಮಾರುವ, ದರ್ಶಿನಿಗಳನ್ನು ಬೈಯುವ, ಮಾತೆತ್ತಿದರೆ ನಾಚುವ ಈ ಮನುಷ್ಯ ತನ್ನ ತಾಯಿಗೆ ಎದುರು ನಿಂತಿದ್ದನೆಂದು ಯಾರು ಊಹಿಸಬೇಕು. ಅಪ್ಪ ಚಾಪೆಯಿಂದ ಕೈ ತೆಗೆದರು. ಅಮ್ಮ ಚಾಪೆಯನ್ನು ಸುತ್ತಿ ಮೂಲೆಗೆ ಇಟ್ಟಳು. ಅಪ್ಪ ಹೊಸ್ತಿಲು ದಾಟಿ ಒಳಗೆ ಹೋದರು.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರಮ್ಮ ಒಂದು ಪೆನ್ನು ಹಿಡಿದುಕೊಂಡು ವಾರ್ಡಿಗೆ ಬಂದರು. ಚೀಲ ಎಲ್ಲಿ ಕೂರಬೇಕೆಂದು ಸರ್ಜನ್ ಜೊತೆ ಮಾತಾಡಿ, ಗುರುತು ಹಾಕುವ ಕೆಲಸವನ್ನು ತಾವೇ ಕೇಳಿ ಪಡೆದಿದ್ದರಂತೆ. ಮಲಗಿರುವಾಗ ಗುರುತು ಹಾಕಿದರೆ ಸಾಲದು, ಕೂತಾಗ ಹೊಟ್ಟೆ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ಸಿಕ್ಕರೆ ಚೀಲ ಬಿಟ್ಟುಕೊಳ್ಳುತ್ತದೆ ಎಂದು ವಿವರಿಸಿದರು. "ದಿನಾ ಹೆಚ್ಚಾಗಿ ಹೇಗೆ ಕೂತ್ಕೊತೀರಿ ಅಂಕಲ್? ಹಾಗೇ ಕೂತ್ಕೊಳ್ಳಿ."

ಅಪ್ಪ ಮಂಚದಿಂದ ಇಳಿದರು. ಡಾಕ್ಟರಮ್ಮ ಕುರ್ಚಿ ಎಳೆಯಲು ಹೋದರು, ಅಪ್ಪ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರುವುದನ್ನೇ ಮನಸ್ಸಿನಲ್ಲಿಟ್ಟು ಅವರು ಕೇಳಿದ್ದರು. ಅಪ್ಪ ಕುರ್ಚಿ ಬಿಟ್ಟು ನೆಲದ ಮೇಲೆ ಪದ್ಮಾಸನ ಹಾಕಿ ಕೂತು, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದರು. ಅಂಗೈ ಖಾಲಿಯಿತ್ತು. ಡಾಕ್ಟರಮ್ಮ ಅಮ್ಮನ ಮುಖ ನೋಡಿದರು. ಅಮ್ಮ, "ಪೂಜೆಗೆ ಹೀಗೇ ಕೂರೋದು" ಎಂದಳು.

ಡಾಕ್ಟರಮ್ಮ ತಾವೂ ನೆಲದ ಮೇಲೆ ಕೂತರು. ಬಿಳಿ ಕೋಟು ನೆಲಕ್ಕೆ ತಾಗುತ್ತಿತ್ತು. ಅಪ್ಪನ ಹೊಟ್ಟೆಯ ಬಲಗಡೆ ಬೆರಳಿಟ್ಟು ನೋಡಿದರು, ಬಗ್ಗಿ ಅಂದರು, ಎದ್ದೇಳಿ ಅಂದರು, ಮತ್ತೆ ಕೂರಿಸಿದರು. ಅಂಗೈಯ ನೆರಳಿಗೂ ಸಿಗದಷ್ಟು ಆಚೆ, ಮಡಿಕೆಯಿಲ್ಲದ ಕಡೆ, ಒಂದು ಸಣ್ಣ ವೃತ್ತ ಬರೆದರು. "ಇಲ್ಲಿ ಆಗಬಹುದಾ ಅಂಕಲ್? ಕೈಗೆ ಅಡ್ಡ ಬರಲ್ಲ ಅಲ್ವಾ?"

ಅಪ್ಪ ಬಗ್ಗಿ ವೃತ್ತವನ್ನು ನೋಡಿದರು, ಅಂಗೈ ನೋಡಿದರು. "ಬರಲ್ಲಮ್ಮ" ಎಂದರು. ಅಷ್ಟು ದಿನ ಮೇಡಂ ಎನ್ನುತ್ತಿದ್ದವರು ಆವತ್ತು ಅಮ್ಮ ಅಂದದ್ದನ್ನು ನಾನು ಗಮನಿಸಿದೆ.

ಲಿಂಗವನ್ನು ಮೈಯಿಂದ ತೆಗೆಯುವುದಿಲ್ಲ ಎಂಬುದು ಅಪ್ಪ ಹಾಕಿದ ಒಂದೇ ಷರತ್ತು. ಥಿಯೇಟರಿನೊಳಗೆ ಬೆಳ್ಳಿ, ದಾರ ಏನೂ ಬರುವಂತಿರಲಿಲ್ಲ. ಡಾಕ್ಟರಮ್ಮ ಒಳಗೆ ಹೋಗಿ ಮಾತಾಡಿ ಬಂದರು. ಕರಡಿಗೆಯನ್ನು ಅಮ್ಮನ ಕೈಗೆ ಕೊಟ್ಟು, ಲಿಂಗವನ್ನು ಶುದ್ಧವಾದ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಅಪ್ಪನ ಬಲತೋಳಿಗೆ ಕಟ್ಟಿದರು. ಖಾಲಿ ಕರಡಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಅಮ್ಮ ಇಡೀ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ನನಗೆ ಎಷ್ಟು ಭಯವಾಗಿತ್ತೆಂದರೆ ಅವಳ ಸೆರಗಿನ ತುದಿಯನ್ನು ಚಿಕ್ಕ ಮಗುವಿನ ಹಾಗೆ ಹಿಡಿದುಕೊಂಡಿದ್ದೆ. ಸಂಜೆ ಹೊತ್ತಿಗೆ ಸರ್ಜನ್ ಬಂದು ಎಲ್ಲ ಸರಿಯಾಗಿ ಆಯಿತು ಎಂದರು. ತೆಗೆದ ಕರುಳನ್ನು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಇನ್ನೂ ಬೇರು ಬಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದ ಮೇಲೆ ಚೀಲ ಬದಲಿಸುವುದನ್ನು ಮೊದಲು ಕಲಿತವಳು ಅಮ್ಮ, ಆಮೇಲೆ ಅಪ್ಪ, ಕೊನೆಗೆ ನಾನು. ಒಂದೆರಡು ಸಲ ಬಿಟ್ಟುಕೊಂಡಿತು, ಚರ್ಮ ಕೆಂಪಾಯಿತು, ಅಪ್ಪ ಸಿಡುಕಿದರು, ನಾನೂ ತಿರುಗಿ ಸಿಡುಕಿದೆ. ಗಾಯ ಮಾಗಿ, ನೆಲದ ಮೇಲೆ ಕೂರಬಹುದು ಎಂದು ಸರ್ಜನ್ ಒಪ್ಪಿದ ಮರುದಿನ ಅಪ್ಪ ಬೆಳಗ್ಗೆ ಸ್ನಾನ ಮಾಡಿ ದೇವರ ಮನೆಯೊಳಗೆ ಕೂತರು. ಆವತ್ತು ಅಮ್ಮ ತನ್ನ ಸರದಿಗೆ ಕಾಯಲಿಲ್ಲ, ಪಕ್ಕದಲ್ಲೇ ಕೂತಳು. ಇಬ್ಬರ ಅಂಗೈಯಲ್ಲೂ ಲಿಂಗ, ಮುಂದೆ ಬಿಲ್ವಪತ್ರೆ. ನಡುವೆ ಅಪ್ಪನ ಚೀಲ ಗುಳುಗುಳು ಎಂದು ಸದ್ದು ಮಾಡಿತು. ಅಪ್ಪನ ಬಾಯಲ್ಲಿದ್ದ ಮಂತ್ರ ನಿಂತುಹೋಯಿತು. ಕಣ್ಣು ಬಿಡದೆಯೇ ಅಮ್ಮ, "ಮುಂದಕ್ಕೆ ಹೇಳಿ" ಎಂದಳು. ಅಪ್ಪ ಮುಂದಕ್ಕೆ ಹೇಳಿದರು.

ದೊಡ್ಡ ಕರುಳೇ ಇಲ್ಲದ ಮೇಲೂ ಅಪ್ಪ ಅಧ್ಯಯನವನ್ನು ಬಿಡಲಿಲ್ಲ. ಕಣ್ಣು, ಕೀಲು, ರಕ್ತ ಎಂದು ವರ್ಷಕ್ಕೊಮ್ಮೆ ಕರೆಯುತ್ತಿದ್ದರು, ಹೋಗುತ್ತಿದ್ದರು. ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ನನಗೆ ಬಿಟಿಎಂ ಲೇಔಟಿನಲ್ಲಿ ಕೆಲಸ ಸಿಕ್ಕಿತ್ತು, ರಜೆ ಹಾಕಿ ಅಪ್ಪ ಅಮ್ಮನ ಜೊತೆ ಹೋಗಿದ್ದೆ. ಡಾಕ್ಟರಮ್ಮನ ಹಣೆಯ ಮೇಲೆ ಒಂದೆರಡು ಬಿಳಿ ಕೂದಲು ಕಾಣುತ್ತಿದ್ದವು. ಹಾಳೆ ತೆಗೆದು, ಮೊದಲ ಪ್ರಶ್ನೆಗೇ ನಕ್ಕರು. "ಇದು ನಿಮಗೆ ಅನ್ವಯಿಸಲ್ಲ ಅಂಕಲ್. ಆದ್ರೂ ಹಳೇ ಲೆಕ್ಕಕ್ಕೆ ಕೇಳ್ತೀನಿ. ದಿನಕ್ಕೆ ಎಷ್ಟು ಸಲ ಹೊರಗೆ ಹೋಗ್ತೀರಿ?"

ಅಪ್ಪ ಈ ಸಲ ಯೋಚಿಸಿದರು. ಪಕ್ಕದಲ್ಲಿ ಕೂತ ಅಮ್ಮನ ಕಡೆ ಒಮ್ಮೆ ನೋಡಿದರು.

"ಹೊರಗೆ ಹೋಗೋದು ಬಿಟ್ಟೆನಮ್ಮ" ಎಂದರು. "ಇವಳು ಒಳಗೆ ಕರ್ಕೊಂಡ್ಲು."

ಅಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಪ್ಪ ಮತ್ತೆ ಪ್ರಶ್ನೆಯನ್ನು ತಪ್ಪು ತಿಳಿದರೆಂದು, ಮೊದಲ ದಿನದ ಹಾಗೆ, ಬಿಡಿಸಿ ಹೇಳಲಿ ಎಂದು ನನ್ನ ಕಡೆ ತಿರುಗಿದರು.

"ಅಪ್ಪ ಸರಿಯಾಗೇ ಹೇಳಿದಾರೆ ಮೇಡಂ" ಎಂದೆ. "ಹಾಗೇ ಬರ್ಕೊಳ್ಳಿ."